ಕಾವು ಯಾರದು?

“ತತ್ತಿ ಇಟ್ಟಾಕಿ ಅವ್ವನೋ, ಕಾವು ಕೊಟ್ಟಾಕಿ ಅವ್ವನೋ?”

ಇದು ಯಾವ ಪುಸ್ತಕದಿಂದಲೂ ಎತ್ತಿದ ಪ್ರಶ್ನೆಯಲ್ಲ. ನಮ್ಮವ್ವ ಕೇಳಿದ್ದು. ನನ್ನನ್ನಲ್ಲ, ಊರ ಸಾವಕಾರನ ಆಳನ್ನು. ಆಗ ನಾನು ಐದನೇ ಇಯತ್ತೆ. ಇವತ್ತು ನಾನು ಎಂ.ಎ. ಮುಗಿಸಿದವನು, ಕವಿತೆ ಬರೆಯುವವನು, ನಾಲ್ಕು ಮಂದಿ ಕೂಡಿದಲ್ಲಿ ನ್ಯಾಯದ ಬಗ್ಗೆ ಭಾಷಣ ಬಿಗಿಯುವವನು. ಆದರೆ ಅದೇ ಪ್ರಶ್ನೆಗೆ ನಾನೇ ಉತ್ತರ ಕೊಡಬೇಕಾದ ಹೊತ್ತು ಈ ಸಲದ ಮಳೆಗಾಲದಲ್ಲಿ ಬಂದಾಗ ಸಾವಕಾರನ ಭಾಷೆಯಲ್ಲೇ ಮಾತಾಡಿಬಿಟ್ಟೆ. ಅದನ್ನು ಒಪ್ಪಿಕೊಳ್ಳಲಿಕ್ಕೆ ಈ ಲೇಖನ.

ಮೊದಲು ಹಳೆಯ ಲೆಕ್ಕ ಹೇಳುತ್ತೇನೆ. ನಮ್ಮೂರು ಧಾರವಾಡದಿಂದ ಕಲಘಟಗಿಗೆ ಹೋಗುವ ದಾರಿಯಲ್ಲಿ ಒಂದಿಷ್ಟು ಒಳಗೆ. ಆ ಸಾವಕಾರನದು ಮಡಿಯ ಮನೆ. ಅಂಗಳದಲ್ಲಿ ಒಂದು ಕೋಳಿ ಹಾಯ್ದು ಹೋದರೂ ಸೆಗಣಿ ಹಾಕಿ ಸಾರಿಸುವ ಮಂದಿ. ಆದರೆ ಸಾವಕಾರನಿಗೆ ಕೋಳಿ ಇದ್ದವು. ಹೊಲದ ಗುಡಿಸಲಲ್ಲಿ ಆಳು ಸಾಕಿದ ಕೋಳಿ. ಅವುಗಳ ತತ್ತಿ ಆಳಿನ ಕೈಯಲ್ಲಿ ನಮ್ಮ ಕೇರಿಗೆ ಬರುತ್ತಿದ್ದವು, ಕೇರಿಯ ಹ್ಯಾಟಿಯ ಕೆಳಗೆ ಮರಿಯಾಗುತ್ತಿದ್ದವು, ಅರ್ಧ ಪಾಲು ಹೊಳ್ಳಿ ಹೋಗುತ್ತಿದ್ದವು. ಬೆಳೆದ ಮೇಲೆ ಹುಬ್ಬಳ್ಳಿ ಸಂತಿ. ರೊಕ್ಕ ಮಾತ್ರ ಮಡಿಯಲ್ಲೇ ಮನೆಯೊಳಗೆ ಹೋಗುತ್ತಿತ್ತು. ರೊಕ್ಕಕ್ಕೆ ಪುಕ್ಕ ಇರುವುದಿಲ್ಲವಲ್ಲ. 2021ರ ಡಿಸೆಂಬರಿನಲ್ಲಿ ಉತ್ತರದ ಏಳು ಜಿಲ್ಲೆಗಳ ಶಾಲೆಯ ಮಕ್ಕಳಿಗೆ ತತ್ತಿ ಕೊಡಲಿಕ್ಕೆ ಶುರು ಮಾಡಿದಾಗ ಕೆಲವು ಸ್ವಾಮಿಗಳು ಎದ್ದು ನಿಂತದ್ದನ್ನು ಪೇಪರಿನಲ್ಲಿ ಓದಿದಾಗ ನನಗೆ ನೆನಪಾದದ್ದು ನಮ್ಮ ಸಾವಕಾರನ ಅಂಗಳ.

ಆ ವರ್ಷ ಅವ್ವ ಅವನ 13 ತತ್ತಿಗಳನ್ನು ನಮ್ಮ ಹ್ಯಾಟಿಗೆ ಕಾವಿಗೆ ಇಟ್ಟಳು. 2 ಕೆಟ್ಟವು. 11 ಮರಿ ಎದ್ದವು. ಎರಡು ವಾರದಲ್ಲಿ ಮೂರನ್ನು ಹದ್ದು ಒಯ್ಯಿತು, ಒಂದನ್ನು ಬೆಕ್ಕು. ಉಳಿದವು 7. ಪಾಲಿಗೆ ಬಂದ ಆಳು ಅಂದ, “ಯಕ್ಕಾ, ಹನ್ನೊಂದು ಒಡದಾವಂತ ಧಣ್ಯಾರಿಗೆ ಗೊತ್ತೈತಿ. ಹನ್ನೊಂದರಾಗ ಆರು ಅವರವು.” ಅವ್ವ ಕೇಳಿದಳು, “ಹಂಗಂದ್ರ ಹದ್ದಿನ ಹೊಟ್ಟಿಗೆ ಹೋದದ್ದು ಬರೇ ನಮ್ಮ ಪಾಲೇನು?” ಅವನು ತಲೆ ತಗ್ಗಿಸಿದ. ಅವನೂ ನಮ್ಮ ಕೇರಿಯವನೇ, ನಮಗೆ ಮಾವ ಆಗಬೇಕು. “ತತ್ತಿ ಅವರವಲ್ಲಬೇ,” ಅಂದ. ಆಗ ಅವ್ವ ಕೇಳಿದ್ದು ಮೇಲಿನ ಪ್ರಶ್ನೆ. ಆರು ಮರಿ ಬುಟ್ಟಿಯಲ್ಲಿ ಹೋದವು. ಒಂದು ಉಳಿಯಿತು. ಹ್ಯಾಟಿ ಮೂರು ದಿನ ಆ ಬುಟ್ಟಿ ಹೋದ ದಾರಿಯಲ್ಲಿ ಕೂಗುತ್ತ ತಿರುಗಿತು.

ಎಷ್ಟೋ ವರ್ಷದ ಮೇಲೆ, ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕುಳಿತು ಮನುಸ್ಮೃತಿಯ ಅನುವಾದ ಓದುತ್ತಿದ್ದೆ. ಬೈಯುವುದಕ್ಕೂ ಓದಬೇಕಾಗುತ್ತದೆ ಗೆಳೆಯರೆ, ಓದದೆ ಬೈಯುವುದು ಅವರ ಕೆಲಸ. ಒಂಬತ್ತನೇ ಅಧ್ಯಾಯದಲ್ಲಿ ಒಂದು ದೊಡ್ಡ ವಾದ ಬರುತ್ತದೆ. ಹುಟ್ಟಿದ್ದು ಬೀಜದವನದೋ, ಕ್ಷೇತ್ರದವನದೋ? ಬೀಜ ದೊಡ್ಡದು ಎಂದು ಒಂದು ಕಡೆ. ಒಪ್ಪಂದ ಇರದಿದ್ದರೆ ಫಲ ಹೊಲದ ಒಡೆಯನದು ಎಂದು ಇನ್ನೊಂದು ಕಡೆ. ಉದಾಹರಣೆಗೆ ಪಶುಗಳ ಸಾಲು ಕೊಡುತ್ತಾನೆ: ಹಸು, ಕುದುರೆ, ಒಂಟೆ, ದಾಸಿ, ಎಮ್ಮೆ, ಆಡು, ಕುರಿ. ಒಂಟೆಗೂ ಎಮ್ಮೆಗೂ ನಡುವೆ ದಾಸಿ! ನಾನು ಪುಸ್ತಕ ಮುಚ್ಚಿ ಹೊರಗೆ ಬಂದು ನೀರು ಕುಡಿದೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಬಾಬಾಸಾಹೇಬರು ಆ ಪುಸ್ತಕಕ್ಕೆ ಬೆಂಕಿ ಹಚ್ಚಿದ್ದು ಯಾಕೆ ಎಂದು ನನ್ನ ಮೈಗೆ ತಿಳಿದದ್ದು ಆವತ್ತು.

ಸಿಟ್ಟು ಇಳಿದ ಮೇಲೆ ಇನ್ನೊಂದು ಹೊಳೆಯಿತು. ಬೀಜ ಎಂದರೂ ಒಬ್ಬ ಒಡೆಯ, ಕ್ಷೇತ್ರ ಎಂದರೂ ಒಬ್ಬ ಒಡೆಯ. ಇಬ್ಬರು ಒಡೆಯರ ಜಗಳ ಅದು. ನಮ್ಮ ಹ್ಯಾಟಿ ಬೀಜವೂ ಅಲ್ಲ, ಕ್ಷೇತ್ರವೂ ಅಲ್ಲ. ತತ್ತಿ ಬೇರೆ ಹ್ಯಾಟಿಯದು, ಅದಕ್ಕೆ ಬಿದ್ದ ಹುಂಜ ಯಾವುದೋ. ಇದು ಬರೀ ಕೂತಿತ್ತು, ತನ್ನ ಮೈ ಬಿಸಿಯನ್ನು ಇಪ್ಪತ್ತೊಂದು ದಿನ ಕೊಟ್ಟಿತ್ತು. ಕೂತು ಬಿಸಿ ಕೊಟ್ಟವರಿಗೆ ಮನುವಿನ ಲೆಕ್ಕದಲ್ಲಿ ಕಾಲಮ್ಮೇ ಇಲ್ಲ.

ಕೂತು ಬಿಸಿ ಕೊಡುವುದೆಂದರೆ ಏನು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಓದುಗ ಮೇಷ್ಟ್ರುಗಳು ತಪ್ಪಿದ್ದರೆ ತಿದ್ದಬಹುದು.

ಊರ ಹ್ಯಾಟಿ ಹತ್ತು ಹದಿನೈದು ತತ್ತಿ ಇಟ್ಟ ಮೇಲೆ ಒಂದು ದಿನ ಗೂಡಿನಿಂದ ಏಳುವುದಿಲ್ಲ. ಕೈ ಹಾಕಿದರೆ ಪುಕ್ಕ ಕೆದರಿ ಕುಕ್ಕುತ್ತದೆ. ದನಿ ಬದಲಾಗುತ್ತದೆ, ಕೊರಳೊಳಗೆ ಕೊರ್ ಕೊರ್ ಎಂಬ ಒಂದೇ ಸಪ್ಪಳ. “ಕಾವಿಗೆ ಕುಂತೈತಿ” ಅನ್ನುತ್ತಾಳೆ ಅವ್ವ. ವಿಜ್ಞಾನ ಇದಕ್ಕೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನ ಹೆಸರು ಹೇಳುತ್ತದೆ. ಹಡೆದ ತಾಯಿಗೆ ಹಾಲು ಬರಿಸುವುದೂ ಅದೇ ಹಾರ್ಮೋನು. ಹ್ಯಾಟಿಯ ಎದೆ-ಹೊಟ್ಟೆಯ ಕೆಳಗಿನ ಪುಕ್ಕ ಉದುರಿ ಚರ್ಮ ಬರಿದಾಗುತ್ತದೆ, ತತ್ತಿಗೆ ನೇರ ಚರ್ಮದ ಬಿಸಿ ತಾಗಲಿ ಎಂದು. ಕೋಳಿಯ ಮೈ ನಮ್ಮ ಮೈಗಿಂತ ಬಿಸಿ, ಸುಮಾರು 41 ಡಿಗ್ರಿ ಸೆಲ್ಸಿಯಸ್. ದಿನಕ್ಕೆ ಒಂದು ಸಲ ಎದ್ದು ನಾಲ್ಕು ಕಾಳು ತಿಂದು, ನೀರು ಕುಡಿದು, ಹಿಕ್ಕೆ ಹಾಕಿ, ತತ್ತಿ ತಣ್ಣಗಾಗುವುದರೊಳಗೆ ಹೊಳ್ಳಿ ಬರುತ್ತದೆ. ಮೈ ಇಳಿಯುತ್ತದೆ, ಜುಟ್ಟಿನ ಕೆಂಪು ಮಾಸುತ್ತದೆ. ಸುಮ್ಮನೆ ಕೂತಂತೆ ಕಾಣುತ್ತದೆ. ಆದರೆ ಹಗಲೂ ರಾತ್ರಿ ಕೊಕ್ಕಿನಿಂದ ತತ್ತಿ ಹೊರಳಿಸುತ್ತಲೇ ಇರುತ್ತದೆ. ಹೊರಳಿಸದಿದ್ದರೆ ಒಳಗಿನ ಜೀವ ಚಿಪ್ಪಿಗೆ ಅಂಟಿ ಸಾಯುತ್ತದೆ. ಅಂಚಿನ ತತ್ತಿ ನಡುವಿಗೆ ತರುತ್ತದೆ, ನಡುವಿನದನ್ನು ಅಂಚಿಗೆ ದೂಡುತ್ತದೆ. ಯಾವ ತತ್ತಿ ಯಾರ ಮನೆಯದು ಎಂದು ಅದು ಕೇಳುವುದಿಲ್ಲ. ಬಾತುಕೋಳಿಯ ತತ್ತಿ ಇಟ್ಟರೆ 28 ದಿನವೂ ಕೂರುತ್ತದೆ. ಕೊನೆಯ ದಿನ ಒಳಗಿನ ಮರಿ ಚಿಪ್ಪಿನೊಳಗಿಂದಲೇ ಚಿಂವ್ ಅನ್ನುತ್ತದೆ, ಹ್ಯಾಟಿ ಹೊರಗಿನಿಂದ ಓಗೊಡುತ್ತದೆ. ಹುಟ್ಟುವ ಮೊದಲೇ ಪರಿಚಯ.

ಅವ್ವನ ಕೆಲಸ ಬೇರೆ. ಹಳೆಯ ಬುಟ್ಟಿ, ತಳಕ್ಕೆ ಬೂದಿ, ಮೇಲೆ ಭತ್ತದ ಹುಲ್ಲು, ನಾಲ್ಕು ಬೇವಿನ ಎಲೆ. ತತ್ತಿಗಳ ಸಂಗಡ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು. ಗುಡುಗಿಗೆ ತತ್ತಿ ಕೆಡಬಾರದಂತೆ. ಕಬ್ಬಿಣದ ಚೂರಿಗೆ ಗುಡುಗು ಹೆದರುವುದಿಲ್ಲ ಎಂದು ನಾನು ವಾದ ಮಾಡಿದ್ದೇನೆ. ಬೂದಿಗೆ ಮಾತ್ರ ಹೇನು ಹೆದರುತ್ತದೆ, ಅದನ್ನು ಒಪ್ಪಿಕೊಂಡಿದ್ದೇನೆ. ಏಳನೇ ದಿನ ಕತ್ತಲಲ್ಲಿ ಕಂದೀಲಿಗೆ ತತ್ತಿ ಹಿಡಿದು ನೋಡುವುದು ಅವಳ ರೂಢಿ, ಈಗ ನನ್ನ ಮೊಬೈಲಿನ ಬ್ಯಾಟರಿ. ನರ ಹಬ್ಬಿದ ಕೆಂಪು ಕಂಡರೆ ಜೀವ ಐತಿ, ತಿಳಿಯಾಗಿ ಕಂಡರೆ ಇಲ್ಲ.

ಇಲ್ಲಿ ಒಂದು ಅಪಾಯ ಇದೆ. ಇಷ್ಟು ಬರೆದ ಕೂಡಲೇ ನಮ್ಮ ಸಾಹಿತ್ಯದ ಹಿರಿಯರು ಕಣ್ಣು ಒರೆಸಿಕೊಂಡು “ತಾಯಿಯ ತ್ಯಾಗ” ಎಂದು ಶುರು ಮಾಡುತ್ತಾರೆ. ಧಾರವಾಡದ ಸಭೆಗಳಲ್ಲಿ ಈ ತ್ಯಾಗದ ಮಾತು ನಾನು ಬಹಳ ಕೇಳಿದ್ದೇನೆ. ತ್ಯಾಗ ಎಂಬುದು ಬಿಡಲಿಕ್ಕೆ ಏನಾದರೂ ಇದ್ದವರು ಮಾಡುವ ಕೆಲಸ. ನಮ್ಮವ್ವ ನಾನು ಮೂರು ತಿಂಗಳ ಕೂಸಿದ್ದಾಗ ನನ್ನನ್ನು ಅಜ್ಜಿಯ ಮಡಿಲಿಗೆ ಹಾಕಿ, ಬೆಳಗಿನ ಬಸ್ಸು ಹಿಡಿದು ಧಾರವಾಡದ ಒಂದು ಮನೆಯ ಕೂಸನ್ನು ಆಡಿಸಲು ಹೋಗುತ್ತಿದ್ದಳು. ಆ ಮನೆಯವರು ಅವಳನ್ನು ಹೊಗಳುತ್ತಿದ್ದರಂತೆ, “ಹೆತ್ತ ತಾಯಿಗಿಂತ ಹೆಚ್ಚು” ಅಂತ. ಪಗಾರ ಹೆಚ್ಚು ಮಾಡಿರಿ ಎಂದರೆ ಹೊಗಳಿಕೆ ಕಡಿಮೆಯಾಗುತ್ತಿತ್ತು. ಹೊಗಳಿಕೆ ಪಗಾರದ ಬದಲಿಗೆ ಕೊಡುವ ನಾಣ್ಯ ಎಂಬುದು ನನಗೆ ತಿಳಿದದ್ದು ಅರ್ಥಶಾಸ್ತ್ರದ ಪುಸ್ತಕದಿಂದಲ್ಲ.

ಇನ್ನೂ ಒಂದು ಹೇಳಬೇಕು. ಇದನ್ನು ಬರೆಯಲಿಕ್ಕೆ ಕೈ ಬರುತ್ತಿಲ್ಲ. ನಾನು ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನಮ್ಮ ಮನೆಯ ಎರಡು ಹ್ಯಾಟಿ ಒಟ್ಟಿಗೆ ಕಾವಿಗೆ ಕೂತವು. ಕಾವಿಗೆ ಕೂತರೆ ತತ್ತಿ ನಿಲ್ಲುತ್ತದೆ. 21 ದಿನ ಕೂರುವುದು, ಆಮೇಲೆ ಮರಿ ಹಿಂದೆ ಎರಡು ತಿಂಗಳು. ನನ್ನ ಪರೀಕ್ಷೆಯ ಫೀ ತತ್ತಿಯ ರೊಕ್ಕದಿಂದಲೇ ಬರಬೇಕು. ಅವ್ವ ಎರಡನ್ನೂ ಗೂಡಿನಿಂದ ಎಳೆದು ತಣ್ಣೀರಿನ ಬಕೆಟಿನಲ್ಲಿ ಹೊಟ್ಟೆಯವರೆಗೆ ಅದ್ದಿದಳು. ದಿನಾ ಎರಡು ಸಲ. ಕಾವು ಇಳಿಸುವುದು ಅಂತಾರೆ ಇದಕ್ಕೆ. ಅದರಲ್ಲೊಂದು ಜಗ್ಗಲಿಲ್ಲ. ಅದರ ಮೂಗಿನ ತೂತಿನಲ್ಲಿ ಅದರದೇ ಪುಕ್ಕ ಚುಚ್ಚಿ ಬಿಟ್ಟಳು. ವಾರದಲ್ಲಿ ಅದು ಕಾವು ಮರೆಯಿತು, ಮುಂದೆ ಕೆಲವು ದಿನದಲ್ಲಿ ತತ್ತಿಗೆ ಬಂತು. ಫೀ ತುಂಬಿದೆ. ಅವ್ವ ಕ್ರೂರಿಯೇ? ನನ್ನ ಡಿಗ್ರಿಯ ಕಾಗದದ ಮೇಲೆ ಎರಡು ಹ್ಯಾಟಿಯ ಒದ್ದೆ ಹೊಟ್ಟೆ ಇದೆ ಎಂದು ಒಂದು ಕವಿತೆ ಬರೆದು ಅವ್ವನಿಗೆ ಓದಿ ಹೇಳಿದೆ. “ಅವತ್ತ ನೀ ಬಕೆಟ್ಟಿಗೆ ನೀರು ತುಂಬಿಸಿಕೊಟ್ಟಿದ್ದಿ, ಅದನ್ನೂ ಬರಿ,” ಅಂದಳು.

ಹಾಗಾಗಿ ಯಂತ್ರ ಬಂದಾಗ ನಾನು ಅದರ ಪರ. ಇನ್‌ಕ್ಯುಬೇಟರ್ ಎಂದರೆ ಏನು? ಹಸಿಯದ, ದಣಿಯದ ಒಂದು ಹೊಟ್ಟೆ. 37.5 ಡಿಗ್ರಿ ಬಿಸಿ, ನೂರಕ್ಕೆ 55-60ರಷ್ಟು ತೇವ, ಕೊನೆಯ ಮೂರು ದಿನ ಇನ್ನಷ್ಟು ತೇವ. ದಿನಕ್ಕೆ ಹಲವು ಸಲ ತತ್ತಿ ಹೊರಳಿಸಬೇಕು, 18ನೇ ದಿನಕ್ಕೆ ನಿಲ್ಲಿಸಬೇಕು. ಇದು ಪಶ್ಚಿಮದ ಹೊಸ ಮಾಯೆ ಎಂದು ತಿಳಿಯಬೇಡಿ. ಈಜಿಪ್ಟಿನಲ್ಲಿ ತತ್ತಿಯನ್ನು ಸೆಗಣಿ-ಗೊಬ್ಬರದಲ್ಲಿ ಹುಗಿದು ಮರಿ ಮಾಡುತ್ತಾರೆ ಎಂದು ಅರಿಸ್ಟಾಟಲನೇ ಬರೆದಿದ್ದಾನೆ. ಆಮೇಲೆ ಅಲ್ಲಿ ಮಣ್ಣಿನ ಇಟ್ಟಿಗೆಯ ದೊಡ್ಡ ಒಲೆಮನೆಗಳು ಬಂದವು. ಥರ್ಮಾಮೀಟರ್ ಇಲ್ಲದೆ, ತತ್ತಿಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿ ಅಳೆಯುವ ಕೆಲಸಗಾರರು. 18ನೇ ಶತಮಾನದಲ್ಲಿ ಫ್ರಾನ್ಸಿನ ರೆಯೋಮ್ಯೂರ್ ಎಂಬ ವಿಜ್ಞಾನಿ ಆ ವಿದ್ಯೆಯ ಬೆನ್ನು ಹತ್ತಿ 1749ರಲ್ಲಿ ಪುಸ್ತಕ ಬರೆದ. 1836ರಲ್ಲಿ ಈಜಿಪ್ಟಿನ ಬಗ್ಗೆ ಬರೆದ ಎಡ್ವರ್ಡ್ ಲೇನ್ ಎಂಬಾತ ಆ ಒಲೆಮನೆಗಳ ಪಾಲಿನ ಲೆಕ್ಕವನ್ನೂ ಕೊಟ್ಟಿದ್ದಾನೆ: ರೈತರು ತತ್ತಿ ತಂದು ಕೊಟ್ಟರೆ ಸಾಮಾನ್ಯವಾಗಿ ಎರಡು ತತ್ತಿಗೆ ಒಂದು ಮರಿ. ಈ ಒಂದು ಸಾಲಿನ ಮೇಲೆ ನಾನು ಬಹಳ ಹೊತ್ತು ನಿಂತೆ. ಕೆಡುವ ತತ್ತಿ, ಸಾಯುವ ಮರಿ, ಕಾವಿನವನ ಕೂಲಿ ಎಲ್ಲ ಮೊದಲೇ ಲೆಕ್ಕದೊಳಗೆ ಕೂತಿದೆ. ನಮ್ಮ ಸಾವಕಾರನ ಲೆಕ್ಕದಲ್ಲಿ ಇದ್ದದ್ದು ಹುಟ್ಟು ಮಾತ್ರ, ಸಾವು ನಮ್ಮ ಕಡೆ.

ಬಾಬಾಸಾಹೇಬರು 1945ರಲ್ಲಿ ಪ್ರಕಟಿಸಿದ ಕಾಂಗ್ರೆಸ್-ಗಾಂಧಿ ಕುರಿತ ಪುಸ್ತಕದಲ್ಲಿ ಯಂತ್ರದ ಪರವಾಗಿ ಗಟ್ಟಿಯಾಗಿ ವಾದಿಸಿದ್ದಾರೆ. ಯಂತ್ರ ಇಲ್ಲದೆ ದುಡಿಯುವವನಿಗೆ ಬಿಡುವಿಲ್ಲ, ಬಿಡುವಿಲ್ಲದವನಿಗೆ ಮನುಷ್ಯನ ಬದುಕಿಲ್ಲ. ಕೆಡುಕು ಯಂತ್ರದ್ದಲ್ಲ, ಅದನ್ನು ಒಬ್ಬರ ಲಾಭಕ್ಕೆ ಕಟ್ಟಿಹಾಕಿದ ಸಮಾಜದ್ದು ಎಂಬುದು ಅವರ ತರ್ಕ. ನಾನು ಈ ಮಾತನ್ನು ನಂಬಿದವನು. ಚರಕಕ್ಕೆ, ಬೀಸುವ ಕಲ್ಲಿಗೆ, ಮುಖ ನೋಡದ ನಮ್ಮ ಹಳ್ಳಿಗಳಿಗೆ ಪದ ಕಟ್ಟುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಆದರೆ ಆ ವಾದದ ಎರಡನೇ ಅರ್ಧವನ್ನು ಮರೆಯಬಾರದು. ಕಾವು ಹೊಟ್ಟೆಯಿಂದ ಪೆಟ್ಟಿಗೆಗೆ ಹೋದ ಮೇಲೆ ಹ್ಯಾಟಿಗೆ ಬಿಡುವು ಸಿಕ್ಕಿತೇ? ಕಾವಿಗೆ ಕೂರುವುದನ್ನು ಕೋಳಿ ಸಾಕಣೆಯ ಪಠ್ಯಗಳು ಒಂದು ದೋಷ ಎಂದು ಬರೆದವು. ಪೀಳಿಗೆಯಿಂದ ಪೀಳಿಗೆಗೆ ಕಾವಿಗೆ ಕೂರುವ ಕೋಳಿಯನ್ನು ತೆಗೆದುಹಾಕಿ, ಕೂರದ ಕೋಳಿಯನ್ನು ಆರಿಸಿ, ಬಿಳಿ ಲೆಗ್‌ಹಾರ್ನಿನಂಥ ತಳಿಗಳಲ್ಲಿ ಆ ಗುಣವನ್ನು ಬಹುಮಟ್ಟಿಗೆ ಇಲ್ಲದಂತೆ ಮಾಡಿದರು. ಸಿಕ್ಕ 21 ದಿನವನ್ನು ಹ್ಯಾಟಿಗೆ ಕೊಡಲಿಲ್ಲ. ಪಂಜರದಲ್ಲಿ ನಿಲ್ಲಿಸಿ ಮತ್ತೆ ತತ್ತಿಗೆ ಹಚ್ಚಿದರು. ಹ್ಯಾಚರಿಯಲ್ಲಿ ತತ್ತಿಯ ತಳಿಯ ಮರಿ ಎದ್ದ ದಿನವೇ ಹೆಣ್ಣು-ಗಂಡು ಬೇರೆ ಮಾಡುತ್ತಾರೆ. ಹೆಣ್ಣು ಪಂಜರಕ್ಕೆ. ಗಂಡು ತತ್ತಿ ಇಡುವುದಿಲ್ಲ, ಮಾಂಸವನ್ನೂ ಬೇಗ ಕಟ್ಟುವುದಿಲ್ಲ, ಆದ್ದರಿಂದ ಅವತ್ತೇ ಕೊಲ್ಲುವುದು ಜಗತ್ತಿನಾದ್ಯಂತ ರೂಢಿ. ಜರ್ಮನಿಯವರು 2022ರ ಜನವರಿ 1ರಿಂದ ಇದನ್ನು ಕಾನೂನಿನಿಂದ ನಿಲ್ಲಿಸಿದರು. ನಮ್ಮಲ್ಲಿ ಅವುಗಳಲ್ಲಿ ಒಂದಿಷ್ಟು ಮರಿಗೆ ಗುಲಾಬಿ, ಹಸಿರು ಬಣ್ಣ ಹಚ್ಚಿ ಜಾತ್ರೆಯಲ್ಲಿ ಮಾರುತ್ತಾರೆ. ಸಣ್ಣವನಿದ್ದಾಗ ನಾನೂ ಹಟ ಹಿಡಿದು ಒಂದು ಗುಲಾಬಿ ಮರಿ ತಂದಿದ್ದೆ. ನಾಲ್ಕು ದಿನ ಬದುಕಿತು. ರಾತ್ರಿ ಬಿಸಿ ಇಲ್ಲದೆ ನಡುಗಿ ಸತ್ತಿತು. ನಾನು ಅತ್ತದ್ದಕ್ಕೆ ಅವ್ವ ಅಂದಿದ್ದಳು, “ಅದಕ್ಕ ಹುಟ್ಟಿಸಿದವರು ಅದಾರೋ, ಕಾವು ಕೊಡೋರಿಲ್ಲ.”

ಇನ್ನು ಹಳ್ಳಿಯ ಕಡೆ ಬನ್ನಿ. ನನ್ನ ಗೆಳೆಯನೊಬ್ಬ ಸಾಲ ಮಾಡಿ ಮೂರು ಸಾವಿರ ಬ್ರಾಯ್ಲರ್ ಮರಿಯ ಶೆಡ್ಡು ಹಾಕಿದ್ದಾನೆ. ಮರಿ ಕಂಪನಿಯದು, ಆಹಾರ ಕಂಪನಿಯದು, ಔಷಧ ಕಂಪನಿಯದು. ಶೆಡ್ಡು, ನೀರು, ಕರೆಂಟು, ನಿದ್ದೆ ಇವನದು. ಒಂದು ದಿನದ ಮರಿ ಬಂದ ಮೊದಲ ವಾರ 35 ಡಿಗ್ರಿಯಷ್ಟು ಬಿಸಿ ಬೇಕು. ಬಲ್ಬು ಹಚ್ಚಿ, ಇದ್ದಿಲ ಒಲೆ ಇಟ್ಟು, ಇವನೂ ಇವನ ಹೆಂಡತಿಯೂ ಪಾಳಿಯ ಮೇಲೆ ರಾತ್ರಿ ಎದ್ದು ಕೂರುತ್ತಾರೆ. ಮರಿ ಬಲ್ಬಿನ ಕೆಳಗೆ ಗುಂಪಾಗಿ ಒತ್ತಿಕೊಂಡರೆ ಬಿಸಿ ಸಾಲದು, ದೂರ ಸರಿದು ಬಾಯಿ ತೆರೆದರೆ ಹೆಚ್ಚಾಯಿತು. “ನಾವಿಬ್ಬರೂ ಈಗ ಕಾವಿಗೆ ಕುಂತ ಹ್ಯಾಟಿ ನೋಡು,” ಎಂದು ಅವನು ನಗುತ್ತ ಅಂದ. ಆರು ವಾರಕ್ಕೆ ಕಂಪನಿಯ ಲಾರಿ ಬಂದು ತೂಗಿ ಒಯ್ಯುತ್ತದೆ. ಕಿಲೋದ ಮೇಲೆ ಸಾಕಿದ ಕೂಲಿ. ಸತ್ತ ಮರಿ ಹೆಚ್ಚಾದರೆ ಕೂಲಿ ಕಡಿಮೆ. ಅದರ ಹೆಸರು ಒಪ್ಪಂದದ ಸಾಕಣೆ. ಪತ್ರ ಇಂಗ್ಲಿಷಿನಲ್ಲಿತ್ತು, ನಾನೇ ಓದಿ ಹೇಳಿದೆ. ಹನ್ನೊಂದರಾಗ ಆರು ಎಂಬುದನ್ನು ಟೈಪ್ ಮಾಡಿದರೆ ಹೇಗಿರುತ್ತದೋ ಹಾಗಿತ್ತು. ಅವನು ಆ ಮರಿಗಳಿಂದ ತನ್ನದೇ ತಳಿ ಬೆಳೆಸಿಕೊಳ್ಳಲಿಕ್ಕೂ ಬರುವುದಿಲ್ಲ. ಬೆರಕೆ ತಳಿಯ ಗುಣ ಮುಂದಿನ ಪೀಳಿಗೆಗೆ ಹಾಗೇ ಇಳಿಯುವುದಿಲ್ಲ, ಅದರ ಅಜ್ಜ-ಅಜ್ಜಿಯ ತಳಿ ಜಗತ್ತಿನ ಎರಡು-ಮೂರು ದೊಡ್ಡ ಕಂಪನಿಗಳ ಬೀಗದೊಳಗೆ ಇದೆ. ಬೀಜದವನು ಮತ್ತೆ ಗೆದ್ದ.

ಹಾಗೆಂದು ಊರ ಕೋಳಿ ಮುಗಿದುಹೋಗಿಲ್ಲ. 2019ರ ಜಾನುವಾರು ಗಣತಿಯಲ್ಲಿ ದೇಶದ 85.18 ಕೋಟಿ ಕೋಳಿ-ಬಾತುಗಳಲ್ಲಿ 31.7 ಕೋಟಿ ಹಿತ್ತಲಿನವು. ಹಿಂದಿನ ಗಣತಿಗಿಂತ ನೂರಕ್ಕೆ 45ರಷ್ಟು ಹೆಚ್ಚು. ಭೂಮಿ ಇಲ್ಲದವಳ ಬ್ಯಾಂಕು ಅದು. ಮಗನಿಗೆ ಜ್ವರ ಬಂದರೆ ಒಂದು ಕೋಳಿ, ಮಗಳು ತವರಿಗೆ ಬಂದರೆ ಒಂದು ಕೋಳಿ, ದ್ಯಾಮವ್ವನ ಜಾತ್ರೆಗೆ ಒಂದು ಹುಂಜ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನಮ್ಮ ಕೇರಿಯ ಹುಡುಗರ ಸಂಘದಿಂದ ವರ್ಗಣಿ ಎತ್ತಿ, ಹುಬ್ಬಳ್ಳಿಯಿಂದ ಸಾಮಾನು ತಂದು ನಾವೇ ಒಂದು ಪೆಟ್ಟಿಗೆ ಕಟ್ಟಿದೆವು. ಥರ್ಮೋಕೋಲಿನ ಡಬ್ಬಿ, ಎರಡು ಬಲ್ಬು, ಒಂದು ಸಣ್ಣ ಫ್ಯಾನು, ಥರ್ಮೋಸ್ಟ್ಯಾಟು, ತೇವಕ್ಕೆ ನೀರಿನ ತಟ್ಟೆ. ಉದ್ದೇಶ ಒಳ್ಳೆಯದೇ. ಹೆಣ್ಣುಮಕ್ಕಳ ಹ್ಯಾಟಿಗಳು ಕಾವಿಗೆ ಕೂರದೆ ತತ್ತಿ ಕೊಡಲಿ, ಮರಿಯನ್ನು ಪೆಟ್ಟಿಗೆ ಮಾಡಲಿ, ಯಾವ ಸಾವಕಾರನ ಹಂಗೂ ಬೇಡ. ನಿಯಮ ಬರೆದವನು ನಾನು, ಓದಿದವನಲ್ಲವೇ! ಎದ್ದ ಮರಿಯಲ್ಲಿ ಅರ್ಧ ತತ್ತಿ ತಂದವರಿಗೆ, ಅರ್ಧ ಸಂಘಕ್ಕೆ. ಎಂಟು ಮನೆಯಿಂದ 48 ತತ್ತಿ ಬಂದವು. ಏಳನೇ ದಿನ ನೋಡಿ 9 ತೆಗೆದೆವು, ಉಳಿದದ್ದು 39.

ಹತ್ತೊಂಬತ್ತನೇ ದಿನ ಸಂಜೆ ಗಾಳಿ-ಮಳೆ. ಊರ ಹೊರಗೆ ಕಂಬ ಬಿತ್ತು, ಕರೆಂಟು ಹೋಯಿತು. ಒಂದು ತಾಸು, ಎರಡು ತಾಸು. ಡಬ್ಬಿಯ ಬಿಸಿ ಇಳಿಯುತ್ತಾ ಹೋಯಿತು. ನಾವು ನಾಲ್ಕು ಮಂದಿ ಪದವೀಧರರು ಪೆಟ್ಟಿಗೆಯ ಸುತ್ತ ನಿಂತು ಮೊಬೈಲಿನಲ್ಲಿ ಯಾರ್ಯಾರಿಗೋ ಫೋನು ಹಚ್ಚುತ್ತಿದ್ದೆವು. ಅವ್ವ ಬಂದಳು. “ಸರೀರಿ,” ಅಂದಳು. ಅವಳ ಕರಿ ಹ್ಯಾಟಿ ಹತ್ತು ದಿನದಿಂದ ಖಾಲಿ ಬುಟ್ಟಿಯಲ್ಲಿ ಕಾವಿಗೆ ಕೂತಿತ್ತು. ಪೆಟ್ಟಿಗೆ ಬಂದ ಮೇಲೆ ಅದಕ್ಕೆ ತತ್ತಿ ಯಾಕೆ ಎಂದು ನಾನೇ ಬೇಡ ಅಂದಿದ್ದೆ, ಅದು ಏಳಲೊಲ್ಲದು. ಅದರ ಕೆಳಗೆ 13. ಬಾಜೂ ಮನೆಯ ಕಾಕಿಯ ಹ್ಯಾಟಿಯ ಕೆಳಗೆ 12. ಕಾಕಿಯ ಹ್ಯಾಟಿಯ ಕೆಳಗಿದ್ದ ಹಳೆಯ ಎರಡು ತತ್ತಿ ತೆಗೆದು ಇವನ್ನು ಸರಿಸಿದೆವು. ಕತ್ತಲಲ್ಲಿ ಸರಿಸಿದರೆ ಹ್ಯಾಟಿಗೆ ತಿಳಿಯುವುದಿಲ್ಲ ಅನ್ನುತ್ತಾರೆ. ತಿಳಿದರೂ ಅದು ಎಣಿಸಲಿಲ್ಲ, ರೆಕ್ಕೆ ಅಗಲಿಸಿ ಒಳಗೆ ಎಳೆದುಕೊಂಡಿತು. ಉಳಿದ 14ನ್ನು ಅವ್ವ ಕೌದಿಯಲ್ಲಿ ಸುತ್ತಿ, ಬಿಸಿನೀರಿನ ಬಾಟ್ಲಿ ಬಾಜೂಕಿಟ್ಟು, ಬೆಳತನಕ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕೊನೆಯ ದಿನಗಳಲ್ಲಿ ಒಳಗಿನ ಮರಿ ತಾನೂ ಒಂದಿಷ್ಟು ಬಿಸಿ ಹುಟ್ಟಿಸುತ್ತದೆ, ಅದಕ್ಕೇ ಕೆಲವು ತಡೆದುಕೊಂಡವು. ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ.

ಹ್ಯಾಟಿಗಳ ಕೆಳಗೆ 25ರಲ್ಲಿ 21 ಎದ್ದವು. ಕೌದಿಯೊಳಗಿನ 14ರಲ್ಲಿ 5. ಒಟ್ಟು 26. ಆ 5ನ್ನೂ ರಾತ್ರಿ ಕರಿ ಹ್ಯಾಟಿಯ ಕೆಳಗೆ ಸರಿಸಿದೆವು.

ಮೂರನೇ ದಿನ ಸಂಘದ ಬೈಠಕ್ಕು ಕೂಡಿತು. ನಾನು ವಹಿ ತೆಗೆದು ಓದಿದೆ: “ನಿಯಮದ ಪ್ರಕಾರ 13 ತತ್ತಿಯವರಿಗೆ, 13 ಸಂಘಕ್ಕೆ.” ಕಾಕಿ ಬಾಗಿಲ ಬಾಜೂಕ ನಿಂತಿದ್ದಳು. “ಮತ್ತ ಹ್ಯಾಟಿ?” ಅಂದಳು. ನಾನು ಅಂದೆ, “ಹ್ಯಾಟಿ ಎರಡು ದಿನ ಕುಂತೈತಿ ಬಿಡು ಕಾಕಿ, ಹತ್ತೊಂಬತ್ತು ದಿನ ಕಾವು ಕೊಟ್ಟದ್ದು ಪೆಟ್ಟಿಗಿ. ಪೆಟ್ಟಿಗಿ ಸಂಘದ್ದು.” ಹುಡುಗರು ತಲೆ ಹಾಕಿದರು. ಲೆಕ್ಕ ಸರಿಯಾಗಿಯೇ ಇತ್ತು. ಅವ್ವ ಕಸ ಹೊಡೆಯುತ್ತಿದ್ದವಳು ನಿಂತು ಒಂದೇ ಮಾತು ಅಂದಳು: “ಹನ್ನೊಂದರಾಗ ಆರು ಅಂದಂಗಾತಲ್ಲೋ ಯಪ್ಪಾ.”

ನನಗೆ ಆ ಹೊತ್ತಿಗೆ ಸಿಟ್ಟು ಬಂತು, ನಾಚಿಕೆ ಆಮೇಲೆ. ಸಂಘ ಸಾವಕಾರ ಅಲ್ಲ, ನಮ್ಮದೇ ಅಲ್ಲವೇ ಎಂದು ಮನಸ್ಸಿನೊಳಗೆ ವಾದ ಕಟ್ಟಿದೆ. ಆದರೆ ನಾನು ಏನನ್ನು ಎಣಿಸಿದ್ದೆ? ತತ್ತಿ ಎಣಿಸಿದೆ, ಡಬ್ಬಿಯ ರೊಕ್ಕ ಎಣಿಸಿದೆ, ದಿನ ಎಣಿಸಿದೆ. ಎದ್ದ 26 ಮರಿಯನ್ನು ಮುಂದೆ ಎರಡು ತಿಂಗಳು ರೆಕ್ಕೆಯೊಳಗೆ ಇಟ್ಟು, ಮಳೆಯಲ್ಲಿ ಮುಚ್ಚಿ, ಹದ್ದಿಗೆ ಎದೆ ಕೊಟ್ಟು, ಕಾಳು ಕೆದರಿ ತೋರಿಸಿ ಸಾಕಬೇಕಾದದ್ದು ಅದೇ ಎರಡು ಹ್ಯಾಟಿ. ಅವಕ್ಕೆ ನುಚ್ಚು ಹಾಕಿ, ಸಂಜೆ ಬುಟ್ಟಿ ಮುಚ್ಚುವವರು ಅವೇ ಇಬ್ಬರು ಹೆಣ್ಣುಮಕ್ಕಳು. ಅದು ನನ್ನ ವಹಿಯಲ್ಲಿ ಇರಲಿಲ್ಲ. ಮತ್ತೆ ಪಾಲನ್ನು ಎದ್ದ ದಿನವೇ ಗೊತ್ತು ಮಾಡಿದ್ದೆ. ಎದ್ದ ದಿನ ಪಾಲು ಗೊತ್ತು ಮಾಡಿದರೆ ಆಮೇಲಿನ ಸಾವೆಲ್ಲ ಸಾಕುವವಳ ತಲೆಯ ಮೇಲೆ. ಬೀಜದ ಜಾಗದಲ್ಲಿ ಪೆಟ್ಟಿಗೆ ಕೂತಿತ್ತು, ಒಡೆಯನ ಜಾಗದಲ್ಲಿ ಸಂಘ. ಕಾಲಮ್ಮು ಮಾತ್ರ ಮೊದಲಿನಷ್ಟೇ.

ವಹಿಯ ಆ ಪುಟ ಹೊಡೆದು ಹಾಕಿ ಹೊಸದಾಗಿ ಬರೆಯಲಿಕ್ಕೆ ಕೂತಿದ್ದೇವೆ. ನನ್ನ ಸೂಚನೆ ಇಷ್ಟು: ಪಾಲು ಎಂಟನೇ ವಾರಕ್ಕೆ, ಬದುಕಿ ಉಳಿದ ಮರಿಯ ಮೇಲೆ, ಸತ್ತದ್ದು ಎಲ್ಲರದು. ಮೂರು ಪಾಲು: ತತ್ತಿಗೆ ಒಂದು, ಪೆಟ್ಟಿಗೆಗೆ ಒಂದು, ಸಾಕಿದವರಿಗೆ ಒಂದು. ಗೆಳೆಯನೊಬ್ಬ ಒಪ್ಪುತ್ತಿಲ್ಲ. ಸತ್ತದ್ದು ಎಲ್ಲರದು ಅಂದರೆ ಹದ್ದು ಕಾಯುವವರು ಯಾರು ಎಂಬುದು ಅವನ ತಕರಾರು. ಇದೇ ಮಾತನ್ನು ಸಾವಕಾರರು ತಲೆತಲಾಂತರದಿಂದ ನಮ್ಮ ಮೇಲೆ ಹೇಳುತ್ತ ಬಂದಿದ್ದಾರೆ ಎಂದು ಅವನ ಬಾಯಿ ಮುಚ್ಚಿಸುವುದು ಸುಲಭ. ಆದರೆ ಅವನು ಸಾವಕಾರ ಅಲ್ಲ. ಸಾಕುವವಳ ಪಾಲೂ ಆ ಸಾವಿನಲ್ಲಿ ಕರಗುತ್ತದಲ್ಲ, ಆಕೆ ಯಾಕೆ ಕಣ್ಣು ಮುಚ್ಚುತ್ತಾಳೆ ಎಂಬುದು ನನ್ನ ಉತ್ತರ. ಅವನಿಗೆ ಪೂರಾ ಸಮಾಧಾನ ಆಗಿಲ್ಲ. ಪೆಟ್ಟಿಗೆಯ ಕರೆಂಟಿನ ಬಿಲ್ಲು ಒಬ್ಬರ ಮೀಟರಿಗೆ ಬಂದಿದೆ, ಅದೂ ಬಗೆಹರಿದಿಲ್ಲ. ಹ್ಯಾಟಿಗೇ ಏನು ಪಾಲು ಎಂದು ಒಬ್ಬ ಹುಡುಗ ಚೇಷ್ಟೆಗೆ ಕೇಳಿದ. ಯಾರೂ ನಗಲಿಲ್ಲ. ಈ ಸಲ ಅದಕ್ಕೆ ಕಾವು ಇಳಿಸುವ ಬಕೆಟ್ಟು ತೋರಿಸುವುದಿಲ್ಲ ಎಂದು ಅವ್ವ ಅಂದಳು. ಫೀ ತುಂಬುವ ವರ್ಷ ಬಂದರೆ ಏನು ಮಾಡುತ್ತಿ ಎಂದು ನಾನು ಕೇಳಲಿಲ್ಲ. ತಂಗಿ ಈಗ ಪಿಯುಸಿ.

ಇದನ್ನು ಬರೆಯುವ ಹೊತ್ತಿಗೆ 22 ಮರಿ ಉಳಿದಿವೆ. ಕರಿ ಹ್ಯಾಟಿ ನಿನ್ನೆಯಿಂದ ಮರಿಗಳನ್ನು ಕುಕ್ಕಿ ದೂರ ಓಡಿಸುತ್ತಿದೆ. ಇನ್ನು ತಮ್ಮ ಕಾಳು ತಾವು ಹುಡುಕಿಕೊಳ್ಳಲಿ ಎಂದು. ಬರುವ ರವಿವಾರ ಸಂಜೆ ಬೈಠಕ್ಕು ಇದೆ. ಕಾಕಿ ಈ ಸಲ ಬಾಗಿಲ ಬಾಜೂಕ ನಿಲ್ಲುವುದಿಲ್ಲವಂತೆ, ಒಳಗೆ ಬಂದು ಕೂರುತ್ತಾಳಂತೆ.